ರಾತ್ರಿ ಹನ್ನೊಂದರ ಹಸಿವನ್ನು ಓಡಿಸಿದ ಕಥೆ

ಶಿಫ್ಟ್ ಬದಲಾಗಿ ವರ್ಷವಾದರೂ ರಾತ್ರಿ ಹನ್ನೊಂದಕ್ಕೆ ಸರಿಯಾಗಿ ನನಗೆ ಹಸಿವಾಗುತ್ತಿತ್ತು. ಈಗ ಆಗುವುದಿಲ್ಲ. ತೂಕವೂ 91ರಿಂದ 83ರ ಆಸುಪಾಸಿಗೆ ಬಂದಿದೆ. "ನಿನ್ನ ಕೈಲಿ ಆಗಲ್ಲ ಬಿಡು ಗುರು" ಅಂದಿದ್ದ ಜಿಮ್ ಗೆಳೆಯರೇ ಈಗ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ಹಾಳಾದ ದುಡ್ಡು. ಡಯಟ್ ಪ್ಯಾಕೇಜಿಗೆ ಒಂಬತ್ತು ಸಾವಿರ ಚಿಲ್ಲರೆ. ದಿನಕ್ಕೆ ಆರು ಸಲ ತಿನ್ನಿ ಅಂದರು, ನನ್ನ ಹೊಟ್ಟೆ ಆರು ಹೊತ್ತೂ ಕೇಳುವುದು ಕಲಿಯಿತು, ಅಷ್ಟೇ. ಗ್ರೆಲಿನ್ ಅಂದರೆ ಹಸಿವು ಹುಟ್ಟಿಸುವ ಹಾರ್ಮೋನು, 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ದಿನಾ ತಿನ್ನುವ ಹೊತ್ತಿಗೆ ಅದು ಏರುತ್ತದೆ, ತಿನ್ನದಿದ್ದರೂ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಸೆಕೆಂಡ್ ಶಿಫ್ಟಿನಲ್ಲಿ ಮೂರು ವರ್ಷ ಹನ್ನೊಂದಕ್ಕೆ ಮಿಕ್ಸ್‌ಚರ್ ಡಬ್ಬ ಹಿಡಿದವನು ನಾನು, ಹನ್ನೊಂದಕ್ಕೆ ಏರೋದನ್ನು ಅದಕ್ಕೆ ಕಲಿಸಿದ್ದೂ ನಾನೇ.

ಹಾಗಾಗಿ ಏನೂ ತಿನ್ನದೆ ಗಡಿಯಾರ ನೋಡುತ್ತಾ ಕೂತೆ. 11.05ಕ್ಕೆ ಶುರು, 11.40ರ ಹೊತ್ತಿಗೆ ಮಾಯ. ಹೇಳುವುದು ಸುಲಭ, ಆರನೇ ದಿನ ಅಮ್ಮನ ಕೋಡುಬಳೆ ಡಬ್ಬ ಅರ್ಧ ಖಾಲಿ ಮಾಡಿ ಮತ್ತೆ ಒಂದರಿಂದ ಎಣಿಸಿದೆ. ಮೂರನೇ ವಾರಕ್ಕೆ ಸದ್ದು ಸಣ್ಣದಾಯಿತು. ಆ ಅರ್ಧ ಗಂಟೆ ಏನು ಮಾಡುತ್ತಿದ್ದೆ ಅನ್ನೋದನ್ನು ಈಗಲೇ ಹೇಳಲ್ಲ. (ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಹೀಗೆ ಹಸಿದು ಕೂರಬೇಡಿ, ಡಾಕ್ಟರನ್ನು ಕೇಳಿ.)

ಇನ್ನೊಂದು ಬದಲಾವಣೆ ತಟ್ಟೆಯಲ್ಲಿ. ಮೊದಲು ಹುರುಳಿಕಾಳಿನ ಉಸ್ಲಿ, ಸೊಪ್ಪಿನ ಪಲ್ಯ. ಹತ್ತು ನಿಮಿಷ ಬಿಟ್ಟು ಮುದ್ದೆ. "ಮುದ್ದೆ ಆರಿ ಕಲ್ಲಾಗ್ತದಲ್ಲೋ, ಇದ್ಯಾವ ಊಟ?" ಅಂತ ಅಮ್ಮ ಬೈದರು. ನಿಜ, ಮೇಲೆ ಸಿಪ್ಪೆ ಕಟ್ಟುತ್ತದೆ, ಈಗ ಬಿಸಿ ಪಾತ್ರೆಯಲ್ಲೇ ಮುಚ್ಚಿಡುತ್ತೇವೆ. ಊಟ ಮಾಡಿದಾಗ ನಮ್ಮ ಕರುಳು ಬಿಡುವ, ಹೊಟ್ಟೆ ತುಂಬಿತು ಅನ್ನಿಸುವ ಹಾರ್ಮೋನು ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧ ಕರಗಿ ಹೋಗುತ್ತದೆ. ಅದನ್ನೇ ಹೋಲುವ, ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಔಷಧದ ಥರ ಅದು ನಿಲ್ಲುವುದಿಲ್ಲ. ಅದಕ್ಕೇ ನಿಧಾನಕ್ಕೆ ತಿಂದರೆ ತೊಟ್ಟಿಕ್ಕುತ್ತಾ ಇರುತ್ತದೆ ಅನ್ನೋದು ನನ್ನ ಅಂದಾಜು. ಎರಡು ಮುದ್ದೆ ತಿನ್ನುತ್ತಿದ್ದವನಿಗೆ ಒಂದೂವರೆಗೇ ಸಾಕಾಯಿತು, ಈಗ ಒಂದೇ. ಗ್ಲುಕೋಮೀಟರ್ ಸ್ಟ್ರಿಪ್ಪಿಗೆ ಒಂದೊಂದಕ್ಕೂ ಇಪ್ಪತ್ತು ರೂಪಾಯಿ ಸುರಿದು ನೋಡಿದೆ, ಊಟವಾದ ಒಂದು ಗಂಟೆಗೆ ಶುಗರ್ 170 ಇದ್ದದ್ದು 140ರ ಹತ್ತಿರ ಬಂತು.

ನಡುವೆ ಒಂದು ಹುಚ್ಚಾಟ. ಕೊಬ್ಬು ತಗುಲಿದರೆ ಸಣ್ಣ ಕರುಳು ಸಿಸಿಕೆ ಅನ್ನೋ ಇನ್ನೊಂದು ಹಾರ್ಮೋನು ಬಿಡುತ್ತದೆ, ಸಾಕು ಅನ್ನಿಸುತ್ತದೆ ಅಂತ ಊಟಕ್ಕೆ ಮುಂಚೆ ಒಂದು ಚಮಚ ತುಪ್ಪ ಕುಡಿದೆ. ಹಸಿವೂ ಹೋಗಲಿಲ್ಲ, ಎರಡು ವಾರಕ್ಕೆ ಅರ್ಧ ಕೆಜಿ ಏರಿತು. ನೀರು ಕುಡಿದು ಹೊಟ್ಟೆ ತುಂಬಿಸೋದೂ ಅಷ್ಟೇ, ಕಾಲು ಗಂಟೆ ಆಟ.

83ರಲ್ಲೇ ಸಿಕ್ಕಿಕೊಂಡಿದ್ದೇನೆ. ತೂಕ ಇಳಿದವರಿಗೆ ಗ್ರೆಲಿನ್ ಮೊದಲಿಗಿಂತ ಜಾಸ್ತಿ ಇರುತ್ತದಲ್ವಾ, ಅದೂ ಇರಬಹುದು. ಇಲ್ಲಾ ಕ್ಯಾಂಟೀನಿನ ಉದ್ದಿನವಡೆ. ಅದು ಬರೋದು ಬೆಳಿಗ್ಗೆ ಹತ್ತೂವರೆಗೆ, ಹತ್ತು ಇಪ್ಪತ್ತಕ್ಕೇ ನನ್ನ ಹೊಟ್ಟೆ ಈಗ ಶುರು ಮಾಡಿದೆ.