ಒಂದು ಪಾಯಿಂಟಿನಿಂದ ಬೌಲ್ ಗೇಮ್ ಸೋತ ತಂಡ ಆ ಆಟವನ್ನು ಮತ್ತೆ ನೋಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೂತು ನೋಡುವಾಗ ಕೊನೆಯ ಕಿಕ್‌ನಿಂದ ಶುರು ಮಾಡಬೇಡಿ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದೆರಡು ಪಾಯಿಂಟಿನಿಂದ ಸೋತ ತಂಡದ ಲಾಕರ್ ರೂಮಿಗೆ ಹೋಗಿ ನೋಡಿ. ಎಲ್ಲರ ತಲೆಯಲ್ಲೂ ಓಡುತ್ತಿರುವುದು ಒಂದೇ ದೃಶ್ಯ. ಪಕ್ಕಕ್ಕೆ ಹೋದ ಕಿಕ್, ಕೈಯಿಂದ ಜಾರಿದ ಬಾಲ್, ಗೆರೆಗೆ ಒಂದಡಿ ಮೊದಲೇ ಬಿದ್ದ ಹುಡುಗ. ಸೋತಿದ್ದು ಅಲ್ಲೇ ಅಂತ ಎಲ್ಲರಿಗೂ ಅನಿಸಿರುತ್ತದೆ. ಆದರೆ ಒಂದು ಆಟದಲ್ಲಿ ಎರಡೂ ಕಡೆ ಸೇರಿ ನೂರೈವತ್ತರ ಆಸುಪಾಸು ಪ್ಲೇ, ಅಂದರೆ ಬಾಲ್ ಆಟಕ್ಕೆ ಬಂದು ಮತ್ತೆ ನಿಲ್ಲುವವರೆಗಿನ ಒಂದೊಂದು ಪ್ರಯತ್ನ, ನಡೆದಿರುತ್ತವೆ. ಅಂತರ ಒಂದೇ ಪಾಯಿಂಟ್ ಅಂದಮೇಲೆ, ಅವುಗಳಲ್ಲಿ ಹತ್ತಾರು ಪ್ಲೇಗಳಲ್ಲಿ ಯಾವುದೇ ಒಂದು ಬೇರೆ ಥರ ನಡೆದಿದ್ದರೂ ನೀವು ಗೆದ್ದಿರುತ್ತಿದ್ದಿರಿ. ಅವನ್ನು ಹುಡುಕುವುದು ಹೇಗೆ, ಹುಡುಕುವಾಗ ಯಾವ ಹುಡುಗನ ಮನಸ್ಸನ್ನೂ ಮುರಿಯದೇ ಇರುವುದು ಹೇಗೆ, ಅದನ್ನೇ ಬರೆಯುತ್ತಿದ್ದೇನೆ. ತಂಡದಲ್ಲಿ ಆಡುವವರಿಗೆ, ಕೋಚ್‌ಗಳ ಜೊತೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಅದಕ್ಕೆ ಡೌನ್ ಅಂತಾರೆ. ಬಾಲನ್ನು ಎದುರಾಳಿಯ ತುದಿಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಪಾಯಿಂಟ್. ಅದಾದ ಮೇಲೆ ಒದ್ದರೆ 1, ಮೂರು ಯಾರ್ಡ್ ಗೆರೆಯಿಂದ ಓಡಿಯೋ ಎಸೆದೋ ಒಳಗೆ ಹೋದರೆ 2. ಟಚ್‌ಡೌನ್ ಆಗದೆ ಬಾಲನ್ನು ಕಂಬಗಳ ಮಧ್ಯೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ 3. ಸೀಸನ್‌ನಲ್ಲಿ ಸಾಮಾನ್ಯವಾಗಿ ಆರು ಆಟವಾದರೂ ಗೆದ್ದ ತಂಡಗಳಿಗೆ ಡಿಸೆಂಬರ್, ಜನವರಿಯಲ್ಲಿ ಬೌಲ್ ಗೇಮ್, ಅಂದರೆ ಸೀಸನ್ ಮುಗಿದ ಮೇಲಿನ ಒಂದು ವಿಶೇಷ ಆಟ, ಸಿಗುತ್ತದೆ. ಎಲ್ಲಕ್ಕಿಂತ ಹಳೆಯದು ರೋಸ್ ಬೌಲ್, 1902ರಲ್ಲಿ ಶುರುವಾಗಿದ್ದು.

ನಾನು ಓದುತ್ತಿದ್ದಾಗ ಎರಡು ವರ್ಷ ನಮ್ಮ ಕಾಲೇಜು ತಂಡದ ವಿಡಿಯೋ ತೆಗೆಯುವ ಗುಂಪಿನಲ್ಲಿದ್ದೆ. ಮೈದಾನದ ತುದಿಯ ಎಂಡ್ ಝೋನ್ ಹಿಂದೆ ಎತ್ತರದಲ್ಲಿ ಒಂದು ಕ್ಯಾಮೆರಾ, ಪಕ್ಕದ ಗೆರೆಯ ಕಡೆ ಮೇಲೊಂದು. ಆಟ ಮುಗಿದ ಮೇಲೆ ಪ್ರತಿ ಪ್ಲೇಯನ್ನೂ ಬೇರೆ ಬೇರೆ ಕತ್ತರಿಸಿ, ಯಾವ ಡೌನ್, ಎಷ್ಟು ಯಾರ್ಡ್ ಬೇಕಿತ್ತು, ಬಾಲ್ ಎಲ್ಲಿತ್ತು ಅಂತ ಬರೆದಿಡುವುದು ನಮ್ಮ ಕೆಲಸ. ಎರಡನೇ ವರ್ಷ ನಾವು ಬೌಲ್ ಗೇಮನ್ನು ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ಸೆಕೆಂಡಿನಲ್ಲಿ ನಮ್ಮ ಕಿಕ್ ಬಲಗಡೆಯ ಕಂಬದ ಆಚೆ ಹೋಯಿತು. ಇಡೀ ಸ್ಟೇಡಿಯಂ ನೋಡಿದ್ದು ಅಷ್ಟೇ.

ಎಂಡ್ ಝೋನ್ ಕ್ಯಾಮೆರಾದ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದಾಗ ಕಂಡಿದ್ದು ಬೇರೆ. ಸ್ನ್ಯಾಪ್, ಅಂದರೆ ಪ್ಲೇ ಶುರು ಮಾಡಲು ಹಿಂದಕ್ಕೆ ಎಸೆಯುವ ಬಾಲ್, ಸ್ವಲ್ಪ ಎತ್ತರಕ್ಕೆ ಬಂದಿತ್ತು. ಹೋಲ್ಡರ್ ಅದನ್ನು ಹಿಡಿದು ನೆಲಕ್ಕೆ ಇಟ್ಟ, ಆದರೆ ತಿರುಗಿಸಲು ಸಮಯ ಸಿಗಲಿಲ್ಲ, ಮುಂದಕ್ಕೆ ಇರಬೇಕಾದ ಬಾಲಿನ ಹೊಲಿಗೆ ಕಿಕ್ಕರ್ ಕಡೆಗೇ ಇತ್ತು. ಸ್ನ್ಯಾಪ್‌ನಿಂದ ಕಾಲು ತಾಗುವವರೆಗೆ ಸಿಗುವುದೇ ಸುಮಾರು 1.3 ಸೆಕೆಂಡ್. ಸ್ನ್ಯಾಪ್ ಯಾಕೆ ಹಾಗೆ ಬಂತು? ಹುಡುಗರು ಓಡಿಕೊಂಡು ಮೈದಾನಕ್ಕೆ ಬಂದು ಉಸಿರು ತೆಗೆದುಕೊಳ್ಳುವ ಮೊದಲೇ ಆಡಬೇಕಾಯಿತು. ಯಾಕೆ ಓಡಬೇಕಾಯಿತು? ಮೂರನೇ ಡೌನ್‌ನಲ್ಲಿ ನಮ್ಮವನು ಪಕ್ಕದ ಗೆರೆ ಮುಟ್ಟುವ ಮೊದಲೇ ಮೈದಾನದ ಒಳಗೆ ಬಿದ್ದ, ಗಡಿಯಾರ ಓಡುತ್ತಲೇ ಇತ್ತು, ನಿಲ್ಲಿಸಲು ನಮ್ಮ ಹತ್ತಿರ ಒಂದೂ ಟೈಮ್‌ಔಟ್ ಇರಲಿಲ್ಲ. ಯಾಕೆ ಇರಲಿಲ್ಲ? ಮೂರನೇ ಕ್ವಾರ್ಟರ್‌ನಲ್ಲಿ ಡಿಫೆನ್ಸ್‌ಗೆ ಹನ್ನೊಂದು ಜನ ಇರಬೇಕಾದ ಕಡೆ ಹತ್ತೇ ಜನ ನಿಂತಿದ್ದರು, ಅದನ್ನು ಸರಿ ಮಾಡಲು ಒಂದು ಟೈಮ್‌ಔಟ್ ಹೋಯಿತು. ಒಬ್ಬ ಹುಡುಗ ಗಾಯವಾಗಿ ಹೊರಗೆ ಬಂದಿದ್ದ, ಅವನ ಬದಲು ಯಾರು ಹೋಗಬೇಕು ಅಂತ ಇಬ್ಬರು ಸಹಾಯಕ ಕೋಚ್‌ಗಳು ಬೇರೆ ಬೇರೆ ಹೆಸರು ಕೂಗಿದ್ದರು.

ಆ ಸೋಲು ಶುರುವಾಗಿದ್ದು ಅಲ್ಲಿ. ಕಿಕ್ಕರ್ ಆಗ ಬೆಂಚ್ ಮೇಲೆ ಕೂತು ನೀರು ಕುಡಿಯುತ್ತಿದ್ದ.

ನೀವೂ ಹೀಗೇ ಮಾಡಿ. ಕೊನೆಯ ಪ್ಲೇಯನ್ನು ಹಿಡಿದು ಯಾಕೆ, ಯಾಕೆ ಅಂತ ಹಿಂದಕ್ಕೆ ಹೋಗಿ. ಆದರೆ ಇದನ್ನು ಮೊದಲು ಕೋಚ್‌ಗಳು ತಾವು ತಾವೇ ಮಾಡಬೇಕು, ಹುಡುಗರ ಮುಂದೆ ಅಲ್ಲ. ಅದಾದ ಮೇಲೆ ಎಲ್ಲರೂ ಕೂತು ನೋಡುವಾಗ ಮೊದಲ ಕ್ವಾರ್ಟರ್‌ನಿಂದ, ನಡೆದ ಕ್ರಮದಲ್ಲೇ ನೋಡಿ. ಕೊನೆಯ ಪ್ಲೇ ಬರುವ ಹೊತ್ತಿಗೆ ಅದು ಯಾಕೆ ಹಾಗಾಯಿತು ಅಂತ ರೂಮಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ, ಯಾರೂ ಒಬ್ಬನ ಕಡೆ ತಿರುಗಿ ನೋಡುವುದಿಲ್ಲ.

ಇನ್ನು ಯಾವಾಗ ಕೂರಬೇಕು ಅನ್ನೋದು. ಸೀಸನ್ ಮಧ್ಯೆ ಸೋತರೆ ಸುಲಭ. ಒಂದು ದಿನ ದುಃಖಪಡಿ, ಆಮೇಲೆ ಮುಂದಿನ ಶನಿವಾರದ ಆಟ ನೋಡಿ ಅಂತ ಕೋಚ್‌ಗಳು ಹೇಳುತ್ತಾರೆ, ಮುಂದಿನ ಆಟ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ಬೌಲ್ ಗೇಮ್ ಆದ ಮೇಲೆ ಮುಂದಿನ ಶನಿವಾರ ಅನ್ನೋದೇ ಇಲ್ಲ. ಮತ್ತೆ ಆಡುವುದು ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ. ಅಷ್ಟರಲ್ಲಿ ಸೀನಿಯರ್‌ಗಳು ಹೋಗಿರುತ್ತಾರೆ, ಕೆಲವರು ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ, ಕೆಲವರು ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬೇರೆ ಕಾಲೇಜಿಗೆ. ಒಬ್ಬಿಬ್ಬರು ಕೋಚ್‌ಗಳೂ ಬದಲಾಗಿರಬಹುದು. ಆವತ್ತು ಆಡಿದ ತಂಡ ಅದೇ ರೂಪದಲ್ಲಿ ಮತ್ತೆ ಒಂದು ರೂಮಿನಲ್ಲಿ ಕೂರುವುದೇ ಇಲ್ಲ.

ಅದಕ್ಕೇ ನನ್ನ ಸಲಹೆ, ಕೆಲಸವನ್ನು ಎರಡು ಭಾಗ ಮಾಡಿ. ಮರುದಿನ ಬೆಳಿಗ್ಗೆ ಹೋಟೆಲ್‌ನಿಂದ ಬಸ್ ಹೊರಡುವ ಮೊದಲು ಅರ್ಧ ಗಂಟೆ, ವಿಡಿಯೋ ಇಲ್ಲದೆ, ಬರೀ ಸೀನಿಯರ್‌ಗಳ ಮಾತು. ಏನು ಕಂಡರು, ಯಾವ ಪ್ಲೇ ಅವರನ್ನು ರಾತ್ರಿ ಮಲಗಲು ಬಿಡಲಿಲ್ಲ, ಉಳಿಯುವವರಿಗೆ ಏನು ಹೇಳಬೇಕು ಅನಿಸುತ್ತದೆ. ಯಾರಾದರೂ ಬರೆದುಕೊಳ್ಳಿ. ಮೂರನೇ ಕ್ವಾರ್ಟರ್‌ನಲ್ಲಿ ಎರಡು ಹೆಸರು ಕೇಳಿಸಿತು ಅನ್ನೋದು ನಮಗೆ ಗೊತ್ತಾಗಿದ್ದು ಹೀಗೆ, ಡಿಫೆನ್ಸ್‌ನಲ್ಲಿ ಆಡುವ ಒಬ್ಬ ಸೀನಿಯರ್ ಲೈನ್‌ಬ್ಯಾಕರ್ ಹೇಳಿದ್ದರಿಂದ. ವಿಡಿಯೋದಲ್ಲಿ ಹತ್ತು ಜನ ಕಾಣುತ್ತಾರೆ, ಕೂಗಿದ್ದು ಕೇಳಿಸುವುದಿಲ್ಲ. ಅವನು ಊರಿಗೆ ಹೋಗಿಬಿಟ್ಟಿದ್ದರೆ ಆ ವಿಷಯವೂ ಅವನ ಜೊತೆಗೇ ಹೋಗುತ್ತಿತ್ತು. ಪೂರ್ತಿ ವಿಡಿಯೋ ನೋಡುವುದು ರಜೆ ಮುಗಿಸಿ ಬಂದ ಮೇಲೆ, ಜನವರಿ ಮಧ್ಯದಲ್ಲಿ.

ಸೋತ ರಾತ್ರಿ ಮಾಡಬೇಕಾದ್ದು ಜಾಸ್ತಿ ಇಲ್ಲ. ಕೋಚ್ ಎರಡು ನಿಮಿಷ ಮಾತಾಡಿದರೆ ಸಾಕು. ತಪ್ಪಿದ ಹುಡುಗನನ್ನು ಪತ್ರಕರ್ತರ ಮುಂದೆ ಒಬ್ಬನನ್ನೇ ಕಳಿಸಬೇಡಿ, ಕ್ಯಾಪ್ಟನ್ ಪಕ್ಕದಲ್ಲಿ ಕೂರಲಿ. ಅವನ ಫೋನ್ ಯಾರಾದರೂ ಗೆಳೆಯರು ಇಟ್ಟುಕೊಳ್ಳಲಿ, ಗುರುತಿಲ್ಲದವರು ಬರೆದಿದ್ದನ್ನೆಲ್ಲ ಅವನು ಆ ರಾತ್ರಿ ಓದುವುದು ಬೇಡ. ಇಪ್ಪತ್ತು ವರ್ಷದ ಹುಡುಗ ಅವನು. ಇದನ್ನು ಮರೆಯಬೇಡಿ.

ವಿಡಿಯೋ ನೋಡುವಾಗ ಏನು ಎಣಿಸಬೇಕು? ಬಾಲ್ ಕಳೆದುಕೊಂಡಿದ್ದನ್ನು ಎಲ್ಲರೂ ಎಣಿಸುತ್ತಾರೆ. ನಾನು ಮೊದಲು ನೋಡುವುದು ಎದುರಾಳಿಯ ಗೆರೆಗೆ ಇಪ್ಪತ್ತು ಯಾರ್ಡ್ ಒಳಗೆ ಹೋಗಿ ಬರೀ ಫೀಲ್ಡ್ ಗೋಲ್ ಹೊಡೆದು ಬಂದ ಸಲಗಳನ್ನು. ಏಳು ಬರಬೇಕಾದ ಕಡೆ ಮೂರು, ಪ್ರತಿ ಸಲ ನಾಲ್ಕು ಪಾಯಿಂಟ್ ಅಲ್ಲೇ ಬಿಟ್ಟು ಬಂದ ಹಾಗೆ. ಅಂಕಪಟ್ಟಿಯಲ್ಲಿ ಮೂರು ಪಾಯಿಂಟ್ ಬಂತು ಅಂತ ಕಾಣುವುದರಿಂದ ಯಾರಿಗೂ ಅದು ತಪ್ಪು ಅಂತ ಅನಿಸುವುದೇ ಇಲ್ಲ, ಅಲ್ವಾ? ನಾವು ಎರಡನೇ ಕ್ವಾರ್ಟರ್‌ನಲ್ಲಿ ನಾಲ್ಕು ಯಾರ್ಡ್ ದೂರದಲ್ಲಿದ್ದೆವು. ಸಮಯಕ್ಕೆ ಸ್ನ್ಯಾಪ್ ಮಾಡಲಿಲ್ಲ ಅಂತ ಐದು ಯಾರ್ಡ್ ಪೆನಾಲ್ಟಿ ಬಿತ್ತು, ಒಂಬತ್ತಕ್ಕೆ ಹೋದೆವು, ಕೊನೆಗೆ ಮೂರು ಪಾಯಿಂಟ್ ತೆಗೆದುಕೊಂಡು ಬಂದೆವು. ಆವತ್ತು ಎಲ್ಲರೂ ಚಪ್ಪಾಳೆ ಹೊಡೆದಿದ್ದರು.

ಆಮೇಲೆ ಟೈಮ್‌ಔಟ್. ಆಟದ ಪ್ರತಿ ಅರ್ಧಕ್ಕೆ ಮೂರೇ ಮೂರು. ಪ್ರತಿಯೊಂದರ ಮುಂದೆ ಯಾಕೆ ತೆಗೆದುಕೊಂಡೆವು ಅಂತ ಬರೆಯಿರಿ. ಇದರ ಬೆಲೆ ಗೊತ್ತಾಗಬೇಕಾದರೆ 2022ರ ಡಿಸೆಂಬರ್ 31ರ ಪೀಚ್ ಬೌಲ್ ನೋಡಿ. ನಾಲ್ಕನೇ ಕ್ವಾರ್ಟರ್ ಶುರುವಾದಾಗ ಓಹಾಯೋ ಸ್ಟೇಟ್ 38-24ರಲ್ಲಿ ಮುಂದಿತ್ತು. ಅವರು ಪಂಟ್ ಮಾಡುವ, ಅಂದರೆ ಬಾಲನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ, ಹಾಗೆ ನಿಂತು ಮೋಸದ ಪ್ಲೇ ಆಡಿದರು, ಅದು ನಡೆದೂ ಹೋಯಿತು. ಆದರೆ ಸ್ನ್ಯಾಪ್ ಆಗುವ ಕ್ಷಣಕ್ಕೆ ಮೊದಲು ಜಾರ್ಜಿಯಾ ಕೋಚ್ ಕರ್ಬಿ ಸ್ಮಾರ್ಟ್ ಟೈಮ್‌ಔಟ್ ಕೇಳಿಬಿಟ್ಟಿದ್ದರು. ಪ್ಲೇ ರದ್ದಾಯಿತು. ಓಹಾಯೋ ಸ್ಟೇಟ್ ನಿಜವಾಗಿಯೇ ಪಂಟ್ ಮಾಡಬೇಕಾಯಿತು, ಅದಾದ ತಕ್ಷಣ ಜಾರ್ಜಿಯಾಕ್ಕೆ 76 ಯಾರ್ಡ್ ಟಚ್‌ಡೌನ್. ಕೊನೆಗೆ 50 ಯಾರ್ಡ್ ಕಿಕ್ ತಪ್ಪಿ ಓಹಾಯೋ ಸ್ಟೇಟ್ 42-41ಕ್ಕೆ ಸೋತಿತು. ಎಲ್ಲರಿಗೂ ನೆನಪಿರುವುದು ಆ ಕಿಕ್. ನನಗೆ ನೆನಪಿರುವುದು ಆ ಟೈಮ್‌ಔಟ್.

ಸ್ಪೆಷಲ್ ಟೀಮ್ಸ್ ಅನ್ನು, ಅಂದರೆ ಕಿಕ್, ಪಂಟ್, ರಿಟರ್ನ್ ಇವನ್ನು, ಕೊನೆಗೆ ಸಮಯ ಉಳಿದರೆ ನೋಡೋಣ ಅಂತ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. 2016ರ ಜನವರಿ 11ರಂದು ಕ್ಲೆಮ್ಸನ್ ತಂಡ ಅಲಬಾಮಾಗೆ 45-40ಕ್ಕೆ ಸೋತಿತು. ಹೆಸರಿನಲ್ಲಿ ಬೌಲ್ ಇಲ್ಲ, ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಟ ಅದು. ಕ್ಲೆಮ್ಸನ್‌ನಲ್ಲಿ ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್ ಆವತ್ತು 405 ಯಾರ್ಡ್ ಎಸೆದ, ನಾಲ್ಕು ಟಚ್‌ಡೌನ್. ಆಟ ಜಾರಿದ್ದು ಬೇರೆ ಕಡೆ. 24-24 ಇದ್ದಾಗ ಅಲಬಾಮಾ ಯಾರೂ ಎಣಿಸದ ಆನ್‌ಸೈಡ್ ಕಿಕ್, ಅಂದರೆ ತಾವೇ ಹಿಡಿಯಲೆಂದು ಹತ್ತಿರಕ್ಕೆ ಒದೆಯುವ ಕಿಕ್, ಹಾಕಿ ಬಾಲ್ ತಾನೇ ಹಿಡಿಯಿತು, ಆಮೇಲೆ ಅಲಬಾಮಾದ ಕೆನ್ಯನ್ ಡ್ರೇಕ್ ಕ್ಲೆಮ್ಸನ್ ಒದ್ದು ಕೊಟ್ಟ ಒಂದು ಕಿಕಾಫನ್ನು 95 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಅಂತರ ಐದು ಪಾಯಿಂಟ್ ಅಂತ ನೆನಪಿಡಿ. ಮುಂದಿನ ವರ್ಷ, 2017ರ ಜನವರಿ 9ರಂದು, ಅದೇ ಎರಡು ತಂಡ. ಒಂದು ಸೆಕೆಂಡ್ ಉಳಿದಿರುವಾಗ ವಾಟ್ಸನ್ ಎಸೆದ ಬಾಲನ್ನು ಹಂಟರ್ ರೆನ್‌ಫ್ರೋ ಹಿಡಿದ, ಕ್ಲೆಮ್ಸನ್ 35-31ಕ್ಕೆ ಗೆದ್ದಿತು.

ಇನ್ನೊಂದು ವಿಷಯದಲ್ಲಿ ತುಂಬಾ ತಂಡಗಳು ಎಡವುತ್ತವೆ. ತಪ್ಪು ನಿರ್ಧಾರ ಬೇರೆ, ಸರಿಯಾದ ನಿರ್ಧಾರ ಕೈಕೊಟ್ಟಿದ್ದು ಬೇರೆ. 1984ರ ಜನವರಿ 2ರ ಆರೆಂಜ್ ಬೌಲ್ ತೆಗೆದುಕೊಳ್ಳಿ. ಅಲ್ಲಿಯವರೆಗೆ ಒಂದೂ ಆಟ ಸೋಲದ ನೆಬ್ರಾಸ್ಕಾ, ಮಯಾಮಿ ಎದುರು ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಹೊಡೆದು 31-30ಕ್ಕೆ ಬಂತು. ಸುಮ್ನೆ ಒಂದು ಕಿಕ್ ಹೊಡೆದಿದ್ದರೆ ಸಮ, ಆಗ ಓವರ್‌ಟೈಮ್ ಇರಲಿಲ್ಲ, ಚಾಂಪಿಯನ್ ಪಟ್ಟ ಬಹುಶಃ ಅವರಿಗೇ ಬರುತ್ತಿತ್ತು. ಕೋಚ್ ಟಾಮ್ ಆಸ್ಬೋರ್ನ್ ಗೆಲ್ಲಲು ಆಡಿದರು, ಎರಡು ಪಾಯಿಂಟಿಗೆ ಹೋದರು. ಮಯಾಮಿ ಹುಡುಗನ ಕೈ ಬಾಲಿಗೆ ತಾಗಿತು, ಮುಗಿಯಿತು. ಆ ನಿರ್ಧಾರವನ್ನು ತಪ್ಪು ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ಆಸ್ಬೋರ್ನ್ ಆಮೇಲೆ 1994, 1995, 1997ರ ಸೀಸನ್‌ಗಳಲ್ಲಿ ಚಾಂಪಿಯನ್ ಆದರು. ನಿಮ್ಮ ಆಟದಲ್ಲೂ ಹೀಗೆ ಧೈರ್ಯ ಮಾಡಿ ಕೈಸುಟ್ಟುಕೊಂಡ ಪ್ಲೇ ಇದ್ದರೆ, ಮತ್ತೆ ಅದೇ ಸಂದರ್ಭ ಬಂದರೆ ಹೀಗೇ ಮಾಡುತ್ತೀರಾ ಅಂತ ಕೇಳಿ. ಹೌದು ಅಂದರೆ ಅದನ್ನು ತಪ್ಪುಗಳ ಸಾಲಿನಿಂದ ತೆಗೆದುಹಾಕಿ. ಅಂಪೈರ್, ರೆಫರಿ ವಿಷಯಕ್ಕೆ ಒಂದು ನಿಮಿಷವೂ ಕೊಡಬೇಡಿ, ಅದರಿಂದ ನಿಮ್ಮ ಅಭ್ಯಾಸ ಬದಲಾಗುವುದಿಲ್ಲ.

ಬೌಲ್ ಗೇಮ್‌ಗೇ ಸಂಬಂಧಪಟ್ಟ ಒಂದು ತೊಂದರೆ ಇದೆ. ಸೀಸನ್ನಿನ ಕೊನೆಯ ಆಟಕ್ಕೂ ಬೌಲ್‌ಗೂ ಮಧ್ಯೆ ಮೂರು ನಾಲ್ಕು ವಾರ ಬಿಡುವು. ಆ ದಿನಗಳ ಅಭ್ಯಾಸದ ಪಟ್ಟಿ ತೆಗೆದು ನೋಡಿ. ನಾವು ನೋಡಿದಾಗ, ಗಡಿಯಾರ ಓಡುತ್ತಿರುವಾಗ ಫೀಲ್ಡ್ ಗೋಲ್ ತಂಡ ಓಡಿ ಬಂದು ಕಿಕ್ ಹೊಡೆಯುವ ಅಭ್ಯಾಸವನ್ನು ಡಿಸೆಂಬರ್‌ನಲ್ಲಿ ಒಂದು ಸಲವೂ ಮಾಡಿರಲಿಲ್ಲ. ಪರೀಕ್ಷೆಗಳಿದ್ದವು, ಸಮಯ ಇರಲಿಲ್ಲ, ಆ ಅಭ್ಯಾಸ ಬಿಟ್ಟುಹೋಗಿತ್ತು.

ಎಲ್ಲರ ಮುಂದೆ ಮಾತು ಶುರು ಮಾಡಬೇಕಾದ್ದು ಹೆಡ್ ಕೋಚ್, ಅದೂ ತನ್ನ ತಪ್ಪಿನಿಂದ. ನಮ್ಮ ಕೋಚ್ ಎದ್ದು ನಿಂತು, ಹತ್ತು ಜನ ನಿಂತಿದ್ದು ನನ್ನ ಕೆಲಸ, ಯಾರು ಹೆಸರು ಕೂಗಬೇಕು ಅಂತ ನಾನು ಹೇಳಿರಲಿಲ್ಲ ಅಂದರು. ಅಲ್ಲಿಂದ ಮುಂದೆ ರೂಮಿನ ಗಾಳಿಯೇ ಬದಲಾಯಿತು. ಸ್ನ್ಯಾಪ್ ಮಾಡಿದ ಹುಡುಗ ತಾನೇ ಕೈ ಎತ್ತಿ ಎತ್ತರಕ್ಕೆ ಬಂದಿದ್ದು ನನ್ನದು ಅಂದ. ಯಾರು ಅಂತ ಯಾರೂ ಕೇಳಿರಲಿಲ್ಲ. ಕೇಳಲೂಬಾರದು. ಯಾವಾಗ, ಯಾಕೆ ಅಂತ ಮಾತ್ರ ಕೇಳಿ.

ಕೊನೆಗೆ ಸಿಗುವ ಇಪ್ಪತ್ತು ಮೂವತ್ತು ವಿಷಯಗಳಲ್ಲಿ ಮೂರನ್ನು ಮಾತ್ರ ಆರಿಸಿ. ವಸಂತದಲ್ಲಿ ನಿಯಮದ ಪ್ರಕಾರ ಸಿಗುವುದು 15 ಅಭ್ಯಾಸ. ಎಲ್ಲವನ್ನೂ ಸರಿ ಮಾಡುತ್ತೇವೆ ಅಂತ ಹೊರಟರೆ ಒಂದೂ ಆಗುವುದಿಲ್ಲ. ಆರಿಸಿದ ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ದಿನ ಬರೆಯಿರಿ. ನಾವು ಬದಲಿ ಆಟಗಾರರ ಹೆಸರು ಕೂಗುವ ಕೆಲಸ ಒಬ್ಬರೇ ಸಹಾಯಕ ಕೋಚ್‌ಗೆ ಕೊಟ್ಟೆವು. ಐದು ಯಾರ್ಡ್ ಒಳಗಿನ ಪ್ಲೇಗಳನ್ನು ದಿನಾ ಆಡಿಸಿದೆವು. ಮೂರನೆಯದು ಫೀಲ್ಡ್ ಗೋಲ್. ಅಭ್ಯಾಸದ ಮಧ್ಯೆ ಯಾವಾಗ ಬೇಕಾದರೂ, ಮುನ್ಸೂಚನೆ ಇಲ್ಲದೆ, ಕೋಚ್ ಸೀಟಿ ಊದಿ ಗಡಿಯಾರ ಬಿಡುತ್ತಿದ್ದರು, ಹುಡುಗರು ಎಲ್ಲಿದ್ದರೂ ಓಡಿ ಬರಬೇಕು. ಮೊದಲ ದಿನ ಸ್ನ್ಯಾಪ್ ಮಾಡುವಷ್ಟರಲ್ಲಿ ಸಮಯ ಮುಗಿದಿತ್ತು. ಮೂರನೇ ವಾರದಲ್ಲಿ ಎರಡು ಸೆಕೆಂಡ್ ಉಳಿಸಿ ಕಿಕ್ ಹೊಡೆದರು, ಅದೇ ಸ್ನ್ಯಾಪರ್, ಅದೇ ಹೋಲ್ಡರ್, ಅದೇ ಕಿಕ್ಕರ್. ಹೊಲಿಗೆ ಮುಂದಕ್ಕೆ ತಿರುಗಿತ್ತು. ನಾನು ಮೇಲಿನಿಂದ ಚಿತ್ರೀಕರಿಸುತ್ತಿದ್ದೆ.

ಆ ಕ್ಲಿಪ್ಪನ್ನು ಬೌಲ್ ಗೇಮ್‌ನ ಫೋಲ್ಡರ್‌ನಲ್ಲೇ ಇಟ್ಟೆ, ಮೂರನೇ ಕ್ವಾರ್ಟರ್‌ನ ಕ್ಲಿಪ್ ಪಕ್ಕದಲ್ಲಿ. ಆಗಸ್ಟ್‌ನಲ್ಲಿ ಹೊಸ ಹುಡುಗರು ಬಂದಾಗ ಕೋಚ್ ಎರಡನ್ನೂ ಹಾಕಿಸಿದರು, ಮೊದಲು ಹತ್ತು ಜನ ನಿಂತಿದ್ದು, ಆಮೇಲೆ ಇದು.