ಸಿಂಪರಣೆಯ ವಿಷ ಮೈಗಿಳಿಯದಂತೆ ನೋಡಿಕೊಳ್ಳುವುದು ಹೇಗೆ

ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳಲ್ಲಿ ಕೂಲಿಗೆ ಔಷಧಿ ಹೊಡೆಯುವವರಲ್ಲಿ ಬಹಳಷ್ಟು ಮಂದಿ ಮೂಗು, ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಕೆಂದು ನಂಬಿರುತ್ತಾರೆ. ಸಿಂಪರಣೆಯ ಕೆಲಸದಲ್ಲಿ ಕೀಟನಾಶಕವು ದೇಹ ಸೇರುವ ಮುಖ್ಯ ದಾರಿ ಚರ್ಮ. ಉಸಿರು ಮತ್ತು ಬಾಯಿ ನಂತರದವು. ಟವೆಲ್ಲಂತೂ ತುಂತುರನ್ನು ಹೀರಿಕೊಂಡು ಒದ್ದೆಯಾಗಿ, ದಿನವಿಡೀ ವಿಷವನ್ನು ತುಟಿ ಮತ್ತು ಕೆನ್ನೆಗೆ ಒತ್ತಿ ಹಿಡಿದಿರುತ್ತದೆ. ಆದ್ದರಿಂದ ಈ ಕೆಲಸ ಮಾಡುವವರೂ ಮಾಡಿಸುವವರೂ ಮೊದಲು ಗಮನ ಕೊಡಬೇಕಾದದ್ದು ಚರ್ಮದ ರಕ್ಷಣೆಗೆ.

ಮೈಯ ಎಲ್ಲ ಭಾಗಗಳೂ ವಿಷವನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಮೇಲೆ ಹಿಂದೆ ನಡೆದ ಪ್ರಯೋಗಗಳಲ್ಲಿ, ಮುಂದೋಳಿನ ಚರ್ಮಕ್ಕೆ ಹೋಲಿಸಿದರೆ ನೆತ್ತಿ ಮತ್ತು ಹಣೆಯ ಚರ್ಮ ಸುಮಾರು 4 ಪಟ್ಟು, ವೃಷಣದ ಮೇಲಿನ ಚರ್ಮ ಸುಮಾರು 12 ಪಟ್ಟು ಹೆಚ್ಚು ಹೀರಿಕೊಂಡದ್ದು ಕಂಡುಬಂದಿತ್ತು. ಬೆನ್ನಿಗೆ ಹೊತ್ತ ಪಂಪು ಸೋರಿ, ದ್ರಾವಣ ಸೊಂಟದಿಂದ ತೊಡೆಸಂದಿಗೆ ಇಳಿಯುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ. ಕೈ ತೊಳೆಯದೆ ಮೂತ್ರ ವಿಸರ್ಜನೆಗೆ ಹೋಗುವುದೂ ಅಷ್ಟೇ ಅಪಾಯದ್ದು. ಹಾಗಾಗಿ ಹೊಲಕ್ಕೆ ಹೊರಡುವ ಮೊದಲು ಟ್ಯಾಂಕಿಗೆ ಬರಿಯ ನೀರು ತುಂಬಿ, ಮುಚ್ಚಳ, ವಾಷರ್, ಪೈಪು ಮತ್ತು ನಾಝಲ್‌ಗಳಲ್ಲಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ನೋಡಬೇಕು. ಸೋರುವ ಪಂಪನ್ನು ಯಾವ ಕಾರಣಕ್ಕೂ ಬೆನ್ನಿಗೇರಿಸಬಾರದು.

ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಓದಲು ಬಾರದವರೂ ಅರ್ಥಮಾಡಿಕೊಳ್ಳಬಹುದು. ಕೆಂಪು ಅತ್ಯಂತ ವಿಷಕಾರಿ. ಅದರ ನಂತರ ಹಳದಿ, ನೀಲಿ, ಹಸಿರು. ಹಸಿರು ಎಂದಮಾತ್ರಕ್ಕೆ ನಿರಪಾಯಕಾರಿ ಎಂದಲ್ಲ. ಹಳದಿ ಗುರುತಿನೊಂದಿಗೆ ಮಾರಾಟವಾಗುವ ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಅದು ಹೊಟ್ಟೆ ಸೇರಿದರೆ ಮೂತ್ರಪಿಂಡ ಮತ್ತು ಶ್ವಾಸಕೋಶಗಳನ್ನು ಹಾಳುಮಾಡುತ್ತದೆ. ಫೋರೇಟ್, ಟ್ರೈಅಜೋಫಾಸ್, ಡೈಕ್ಲೋರ್ವಾಸ್‌ಗಳು ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಕೊನೆಯಿಂದ ನಿಷೇಧಕ್ಕೆ ಒಳಗಾಗಿವೆ. ಅಟ್ಟದಲ್ಲಿ ಉಳಿದ ಹಳೆಯ ಡಬ್ಬಿಯನ್ನು ಕೊಟ್ಟು ಹೊಡೆಯಲು ಹೇಳಿದರೆ ಕೂಲಿಕಾರರು ನಿರಾಕರಿಸಬೇಕು, ನಿರಾಕರಿಸಿದ್ದಕ್ಕೆ ಕೂಲಿ ಕಡಿಯಬಾರದು.

ಬೆರೆಸುವಾಗ

ಇಡೀ ದಿನದಲ್ಲಿ ಅತ್ಯಂತ ಅಪಾಯದ ಗಳಿಗೆ ಎಂದರೆ ಔಷಧಿಯನ್ನು ನೀರಿಗೆ ಬೆರೆಸುವ ಆ ಕೆಲವು ನಿಮಿಷಗಳು. 1 ಲೀಟರ್ ನೀರಿಗೆ 2 ಮಿ.ಲೀ. ಎಂಬ ಲೆಕ್ಕವಾದರೆ, ಬಾಟಲಿಯಲ್ಲಿರುವ ದ್ರವ ಸಿಂಪಡಿಸುವ ದ್ರಾವಣಕ್ಕಿಂತ 500 ಪಟ್ಟು ಗಟ್ಟಿಯಾಗಿರುತ್ತದೆ. ಕೈಮೇಲೆ ಚೆಲ್ಲಿದ ಒಂದು ಚಮಚ ಮೂಲ ದ್ರವ, ಎರಡೂವರೆ ಲೀಟರ್ ದ್ರಾವಣದಲ್ಲಿರುವಷ್ಟು ವಿಷವನ್ನು ಹೊತ್ತಿರುತ್ತದೆ. ಆದರೂ ನಮ್ಮ ಹೊಲಗಳಲ್ಲಿ ಈ ಕೆಲಸ ಬರಿಗೈಯಲ್ಲಿ, ಬಾಟಲಿಯ ಮುಚ್ಚಳದ ಅಳತೆಯಲ್ಲಿ ನಡೆಯುತ್ತದೆ, ಮತ್ತು ನೀರು ಹೊತ್ತು ತಂದು ಡ್ರಮ್ಮಿಗೆ ಸುರಿಯುವ ಹೆಣ್ಣುಮಕ್ಕಳು ಅದನ್ನು ಕೈಯಿಂದಲೇ ಕಲಕುವುದೂ ಉಂಟು. ಎಲ್ಲ ರಕ್ಷಣಾ ಸಾಮಗ್ರಿಗಳನ್ನು ಒಮ್ಮೆಗೇ ಕೊಳ್ಳಲು ಹಣವಿಲ್ಲವಾದರೆ, ನನ್ನ ದೃಷ್ಟಿಯಲ್ಲಿ ಮೊದಲು ಕೊಳ್ಳಬೇಕಾದದ್ದು ಮೊಣಕೈವರೆಗೆ ಬರುವ, ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು. ಬಟ್ಟೆಯ ಅಥವಾ ಚರ್ಮದ ಕೈಗವಸು ದ್ರವವನ್ನು ಹೀರಿ ಹಿಡಿದುಕೊಳ್ಳುವುದರಿಂದ ಅದು ಬರಿಗೈಗಿಂತಲೂ ಕೆಟ್ಟದ್ದು. ಅಳೆಯಲು ಅಳತೆಯ ಲೋಟ, ಕಲಕಲು ಉದ್ದನೆಯ ಕೋಲು, ಕಣ್ಣಿಗೆ ಕನ್ನಡಕ, ಎದೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಏಪ್ರನ್ ಇರಬೇಕು, ಮತ್ತು ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು ಬೆರೆಸಬೇಕು. ಸೋಪು ಮತ್ತು ಒಂದು ಬಿಂದಿಗೆ ಶುದ್ಧ ನೀರು ಪಕ್ಕದಲ್ಲೇ ಇಲ್ಲದಿದ್ದರೆ ಬಾಟಲಿಯ ಮುಚ್ಚಳ ತೆರೆಯಲೇಬಾರದು.

ಹೊಡೆಯುವಾಗ

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸಿದ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿಗಿಡಗಳು ಎಂದಿಗಿಂತ ಎತ್ತರವಾಗಿ ಬೆಳೆದಿದ್ದವು. ಎದೆಮಟ್ಟ, ತಲೆಮಟ್ಟದ ಗಿಡಗಳ ಸಾಲಿನೊಳಗೆ ನಿಂತು ಹೊಡೆಯುವಾಗ ತುಂತುರು ಮುಖ ಮತ್ತು ತಲೆಯ ಮೇಲೆಯೇ ಬೀಳುತ್ತಿತ್ತು. ರಾಯಚೂರು, ಯಾದಗಿರಿಗಳ ಹತ್ತಿ ಹೊಲಗಳಲ್ಲಿ ಕೆಲಸ ಮಾಡುವವರಿಗೂ ಇದು ಅನ್ವಯಿಸುತ್ತದೆ. ಗಿಡ ಎದೆಗಿಂತ ಎತ್ತರವಾಗಿದ್ದರೆ ಟೋಪಿ, ಮುಖಕ್ಕೆ ಪಾರದರ್ಶಕ ಕವಚ ಮತ್ತು ಸರಿಯಾದ ಮಾಸ್ಕ್ ಇಲ್ಲದೆ ಒಳಗೆ ಇಳಿಯಬಾರದು.

ಗಾಳಿಗೆ ಅಡ್ಡವಾಗಿ ನಡೆಯಬೇಕು. ಹೊಡೆದ ಸಾಲು ಗಾಳಿ ಸಾಗಿಹೋಗುವ ದಿಕ್ಕಿನಲ್ಲಿದ್ದು, ಮುಂದಿನ ಸಾಲಿಗೆ ಹೋಗುವಾಗ ನಾವು ಒದ್ದೆ ಗಿಡಗಳನ್ನು ತಾಕದೆ ಒಣ ಸಾಲಿಗೆ ಸರಿಯುವಂತಿರಬೇಕು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬೆವರಿದ ಚರ್ಮ ವಿಷವನ್ನು ಇನ್ನೂ ಬೇಗ ಹೀರುವುದರಿಂದ, ಬೆಳಗಿನ ತಂಪು ಹೊತ್ತೇ ಒಳ್ಳೆಯದು. ಪ್ಯಾಂಟನ್ನು ಬೂಟಿನ ಹೊರಗೆ ಬಿಡಬೇಕು, ಇಲ್ಲವಾದರೆ ಹರಿದು ಬಂದ ದ್ರಾವಣ ಬೂಟಿನೊಳಗೆ ತುಂಬಿಕೊಳ್ಳುತ್ತದೆ. ತಗ್ಗಿನ ಗಿಡಕ್ಕೆ ಹೊಡೆಯುವಾಗ ಅಂಗಿಯ ತೋಳು ಕೈಗವಸಿನ ಮೇಲೆ ಬರಬೇಕು. ಕೈ ಎತ್ತಿ ಮೇಲಕ್ಕೆ ಹೊಡೆಯುವಾಗ ತೋಳನ್ನು ಕೈಗವಸಿನೊಳಗೆ ಸೇರಿಸಿ, ಅದರ ಅಂಚನ್ನು ಹೊರಕ್ಕೆ ಮಡಚಬೇಕು. ನಾಝಲ್ ಕಟ್ಟಿಕೊಂಡರೆ ಬಾಯಿಯಿಂದ ಊದದೆ, ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಬೀಡಿ, ಎಲೆಅಡಿಕೆ, ಗುಟ್ಕಾ ಹೊಲದಲ್ಲಿ ಬೇಡವೇ ಬೇಡ.

ಟ್ಯಾಂಕಿನ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಜನ ಬೆಳಿಗ್ಗೆಯಿಂದ ಸಂಜೆಯವರೆಗೆ ಹಲವು ಹೊಲಗಳನ್ನು ಸುತ್ತುತ್ತಾರೆ, ಮತ್ತು ಪ್ರತಿ ಹೊಲದಲ್ಲೂ ತಾಕಿದ ವಿಷ ಒಟ್ಟುಗೂಡುತ್ತದೆ ಎಂಬುದು ಯಾವ ಮಾಲೀಕನ ಲೆಕ್ಕಕ್ಕೂ ಬರುವುದಿಲ್ಲ. ಇಲ್ಲಿ ದಿನಗೂಲಿಯೇ ನ್ಯಾಯವಾದದ್ದು ಎಂದು ನಾನು ಭಾವಿಸುತ್ತೇನೆ. ಗರ್ಭಿಣಿಯರನ್ನು, ಮೊಲೆಯೂಡಿಸುವ ತಾಯಂದಿರನ್ನು, ಹದಿನೆಂಟು ತುಂಬದವರನ್ನು ಈ ಕೆಲಸದಿಂದ ದೂರವಿಡಬೇಕು. ಹೊಡೆದ ಹೊಲಕ್ಕೆ ಎರಡು ದಿನವಾದರೂ ಕಳೆ ತೆಗೆಯಲು ಯಾರನ್ನೂ ಕಳಿಸಬಾರದು, ಲೇಬಲ್ಲಿನಲ್ಲಿ ಹೆಚ್ಚಿನ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಕೆಲಸ ಮುಗಿದ ಮೇಲೆ ಕೈಗವಸನ್ನು ಕೈಯಲ್ಲಿರುವಾಗಲೇ ಸೋಪಿನಿಂದ ತೊಳೆದು ನಂತರ ಬಿಚ್ಚಬೇಕು, ಮನೆಯೊಳಗೆ ಹೋಗುವ ಮುಂಚೆಯೇ ತಲೆಯಿಂದ ಸ್ನಾನ ಮಾಡಬೇಕು. ಆ ಬಟ್ಟೆ ಒಗೆಯುವವರು ಬಹುಪಾಲು ಮನೆಯ ಹೆಂಗಸರೇ. ಅವರಿಗೂ ಕೈಗವಸು ಬೇಕು. ಬಟ್ಟೆಯನ್ನು ಬೇರೆಯಾಗಿ, ಎರಡು ಸಲ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಖಾಲಿ ಡಬ್ಬಿಗಳನ್ನು ಮೂರು ಸಲ ತೊಳೆದು ಆ ನೀರನ್ನು ಟ್ಯಾಂಕಿಗೇ ಸುರಿದು, ತೂತು ಮಾಡಿ ಇಡಬೇಕು. ಅವುಗಳಲ್ಲಿ ಸೀಮೆಎಣ್ಣೆ, ನೀರು ತುಂಬಿಡುವ ರೂಢಿ ಇಂದಿಗೇ ನಿಲ್ಲಬೇಕು.

ವಿಷವೇರಿದರೆ

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಸಂದೇಶವನ್ನು ನಿಲ್ಲಿಸುವ ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಹಿಡಿಯುತ್ತವೆ. ಆಗ ತಲೆನೋವು, ತಲೆಸುತ್ತು, ಓಕರಿಕೆಯಿಂದ ಶುರುವಾಗಿ, ಬಾಯಲ್ಲಿ ಜೊಲ್ಲು, ಕಣ್ಣೀರು, ವಿಪರೀತ ಬೆವರು, ಹೊಟ್ಟೆ ಹಿಂಡುವುದು, ಸ್ನಾಯುಗಳು ಅದುರುವುದು, ಎದೆಯಲ್ಲಿ ಕಫ ತುಂಬಿ ಉಸಿರುಗಟ್ಟುವುದು ಕಾಣಿಸಿಕೊಳ್ಳುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬಿಸಿಲು ಬಡಿದಿರಬೇಕೆಂದು ನೆರಳಲ್ಲಿ ಮಲಗಿಸಿ ಕಾಯುವುದು ಪ್ರಾಣಕ್ಕೆ ಎರವಾಗಬಹುದು.

ಸಹಾಯ ಮಾಡುವವರು ಕೈಗವಸು ಹಾಕಿಕೊಂಡು, ಅಸ್ವಸ್ಥರನ್ನು ಹೊಲದಿಂದ ಹೊರತಂದು, ಎಲ್ಲ ಬಟ್ಟೆ ಬಿಚ್ಚಿ, ಕೂದಲು, ಕಿವಿ, ಉಗುರಸಂದು ಬಿಡದೆ ಸೋಪು ನೀರಿನಿಂದ ತೊಳೆಯಬೇಕು. ಅಷ್ಟರಲ್ಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಗಾಡಿ ಬಂದರೆ ತೊಳೆಯುವುದಕ್ಕಾಗಿ ತಡಮಾಡಬಾರದು. ಕಣ್ಣಿಗೆ ಸಿಡಿದಿದ್ದರೆ 15 ನಿಮಿಷವಾದರೂ ಶುದ್ಧ ನೀರು ಹರಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಅಥವಾ ತುಪ್ಪ ಕುಡಿಸುವುದು ಅಪಾಯಕರ. ಪ್ರಜ್ಞೆ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಔಷಧಿಯ ಡಬ್ಬಿಯನ್ನು, ಆಗದಿದ್ದರೆ ಲೇಬಲ್ಲಿನ ಫೋಟೊವನ್ನು, ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಆರ್ಗನೋಫಾಸ್ಫೇಟ್‌ಗೆ ಅಟ್ರೊಪಿನ್ ಎಂಬ ಪ್ರತಿವಿಷ ಇದೆ, ಆದರೆ ಪ್ಯಾರಾಕ್ವಾಟ್ ಸೇವಿಸಿದವರಿಗೆ ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೂ ಶ್ವಾಸಕೋಶದ ಹಾನಿ ಹೆಚ್ಚುತ್ತದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಮರುದಿನ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಿಂದ ಬಿಡಿಸಿಕೊಂಡು ಬರಬಾರದು. 1ರಿಂದ 4 ದಿನಗಳೊಳಗೆ ಕತ್ತಿನ ಸ್ನಾಯುಗಳು ಸೋತು, ತಲೆ ಎತ್ತಲಾಗದೆ, ಉಸಿರಾಟವೇ ನಿಲ್ಲುವ ಸ್ಥಿತಿ ಬರಬಹುದು. ಮನೆಗೆ ಬಂದು ಎರಡು ಮೂರು ವಾರಗಳ ನಂತರ ಪಾದಗಳಲ್ಲಿ ಜೋಮು, ಕಾಲುಗಳಲ್ಲಿ ನಿಶ್ಶಕ್ತಿ ಕಾಣಿಸಿದರೆ ಮತ್ತೆ ವೈದ್ಯರನ್ನು ನೋಡಬೇಕು. ಕೆಂಪು ರಕ್ತಕಣಗಳಲ್ಲಿನ ಕೊಲಿನೆಸ್ಟರೇಸ್ ದಿನಕ್ಕೆ ಹೆಚ್ಚುಕಡಿಮೆ ಶೇ. 1ರಷ್ಟು ಮಾತ್ರ ಮರಳಿ ತುಂಬಿಕೊಳ್ಳುವುದರಿಂದ, ಮೈ ಹಗುರವಾದ ಮೇಲೂ ರಕ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದುರ್ಬಲವಾಗಿಯೇ ಇರುತ್ತದೆ, ಮತ್ತು ಆ ಅವಧಿಯಲ್ಲಿ ಸಣ್ಣ ಪ್ರಮಾಣದ ವಿಷವೂ ಮತ್ತೆ ನೆಲಕ್ಕೆ ಕೆಡವಬಲ್ಲದು. ರಕ್ತಪರೀಕ್ಷೆಯಲ್ಲಿ ಕಿಣ್ವ ಸರಿಹೋಗಿದೆ ಎಂದು ವೈದ್ಯರು ಹೇಳುವವರೆಗೆ ಅವರನ್ನು ಸಿಂಪರಣೆಗೆ ಕರೆಯದೆ, ಅದೇ ಕೂಲಿಗೆ ಬೇರೆ ಕೆಲಸ ಕೊಡುವುದು ಹೊಲದ ಮಾಲೀಕರ ಹೊಣೆ.