ಅರೆತಲೆನೋವು, ಹೃದಯದ ಕವಾಟ, ಮಿದುಳಿನ ಬಿಳಿ ಚುಕ್ಕೆ: ಮೂರೂ ಒಂದೇ ಫೈಲಿನಲ್ಲಿದ್ದಾಗ ಏನು ಮಾಡಬೇಕು

ತಲೆನೋವಿಗೆ ಎಂ.ಆರ್.ಐ. ಮಾಡಿಸುವುದು ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಕಷ್ಟವಲ್ಲ. ಗದಗ, ಹಾವೇರಿ ಕಡೆಯವರೂ ಬೆಳಗಿನ ಬಸ್ಸಿಗೆ ಬಂದು ಮಾಡಿಸಿಕೊಂಡು ಹೋಗುತ್ತಾರೆ. ಕಷ್ಟ ಶುರುವಾಗುವುದು ರಿಪೋರ್ಟ್ ಕೈಗೆ ಬಂದ ಮೇಲೆ. ಮಿದುಳಿನಲ್ಲಿ ಸಣ್ಣ ಬಿಳಿ ಚುಕ್ಕೆಗಳಿವೆ ಎಂದು ಒಂದು ಕಾಗದ ಹೇಳುತ್ತದೆ. ಎದೆ ಡವಡವ ಎನ್ನುತ್ತದೆಂದು ಮಾಡಿಸಿದ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಮೈಟ್ರಲ್ ಕವಾಟ (ಹೃದಯದ ಎಡಬದಿಯ ಮೇಲಿನ-ಕೆಳಗಿನ ಕೋಣೆಗಳ ನಡುವಿನದು) ಸ್ವಲ್ಪ ಜೋತಿದೆ ಎಂದಿರುತ್ತದೆ. "ಹಾರ್ಟಿಂದ ತಲೀಗೆ ಏರೈತಿ" ಎಂದು ಮನೆಯವರು ಎರಡನ್ನೂ ಜೋಡಿಸಿ ಗಾಬರಿಯಾಗುತ್ತಾರೆ.

ಜೋಡಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲು ಬಂದದ್ದು ಯಾವುದು? ವರ್ಷಗಟ್ಟಲೆ ಅರೆತಲೆನೋವಿದ್ದು ಪರೀಕ್ಷೆಯಲ್ಲಿ ಕವಾಟದ ಸಣ್ಣ ದೋಷ ಸಿಕ್ಕಿದ್ದರೆ ಅವಸರವಿಲ್ಲ, ಕೂತು ವಿಚಾರ ಮಾಡಬಹುದು. ಕವಾಟದ ಕಾಯಿಲೆ ಮೊದಲೇ ಇದ್ದು ಈಗ ಹೊಸದಾಗಿ ತಲೆನೋವು ಶುರುವಾಗಿದ್ದರೆ ಅದಕ್ಕೆ ಅರೆತಲೆನೋವೆಂಬ ಹೆಸರು ಕೊಡುವ ಮೊದಲು ಬೇರೆ ಕಾರಣ ಹುಡುಕಲೇಬೇಕು. ಈ ಎರಡು ದಾರಿಗಳನ್ನು ಬೆರೆಸಿದರೆ ಒಬ್ಬರಿಗೆ ಬೇಡದ ಚಿಕಿತ್ಸೆ ಆಗುತ್ತದೆ, ಇನ್ನೊಬ್ಬರಿಗೆ ಬೇಕಾದದ್ದು ತಡವಾಗುತ್ತದೆ.

ತಲೆನೋವು ಮೊದಲು ಬಂದಿದ್ದರೆ

ಅದು ಅರೆತಲೆನೋವು ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಿ. ಇದಕ್ಕೆ ಸ್ಕ್ಯಾನ್ ಬೇಕಿಲ್ಲ, ಲಕ್ಷಣ ಸಾಕು. ಔಷಧಿ ತೆಗೆದುಕೊಳ್ಳದಿದ್ದರೆ ನೋವು 4ರಿಂದ 72 ಗಂಟೆ ಇರಬೇಕು. ಒಂದು ಬದಿಗೆ ಬರುವುದು, ನಾಡಿ ಬಡಿದಂತೆ ಬಡಿಯುವುದು, ಕೆಲಸ ಬಿಡಿಸುವಷ್ಟು ಜೋರಿರುವುದು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು: ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ಹೊಟ್ಟೆ ತೊಳಸುವುದು ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡನ್ನೂ ತಾಳಲಾಗದ ಸ್ಥಿತಿ. ಇಂಥ ಸರದಿ ಕನಿಷ್ಠ 5 ಸಲ ಬಂದಿರಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದನ್ನೇ "ಪಿತ್ತ ಆಗೇತಿ" ಎಂದು ಹಾಗೇ ಬಿಟ್ಟಿರುತ್ತಾರೆ.

ನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕು ಮಿನುಗು ಗೆರೆ, ಕುರುಡು ಚುಕ್ಕೆ, ಕೈಯಿಂದ ತುಟಿಯತ್ತ ಹರಿಯುವ ಜುಮುಜುಮು ಬಂದರೆ ಅದಕ್ಕೆ ಔರಾ ಎನ್ನುತ್ತಾರೆ. ಔರಾ 5 ನಿಮಿಷ ಅಥವಾ ಹೆಚ್ಚು ಹೊತ್ತು ನಿಧಾನವಾಗಿ ಹರಡುತ್ತದೆ, ಸಾಮಾನ್ಯವಾಗಿ 60 ನಿಮಿಷದೊಳಗೆ ಹೋಗುತ್ತದೆ. ಲಕ್ವಾ ಹಾಗಲ್ಲ, ಒಮ್ಮೆಲೇ ಹೊಡೆಯುತ್ತದೆ. ಔರಾ ಇದೆಯೋ ಇಲ್ಲವೋ ಎನ್ನುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಔರಾ ಇರುವವರಿಗೆ ಲಕ್ವಾದ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವಯಸ್ಸು ಚಿಕ್ಕದಿದ್ದರೆ ಆ ಎರಡು ಪಟ್ಟೂ ಸಣ್ಣ ಸಂಖ್ಯೆಯೇ. ಆದರೆ ಬೀಡಿ-ಸಿಗರೇಟು ಮತ್ತು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಅದನ್ನು ಏರಿಸುತ್ತವೆ. ಔರಾ ಇರುವ ಹೆಣ್ಣುಮಕ್ಕಳು ಆ ಮಾತ್ರೆ ಬಿಟ್ಟು ಬೇರೆ ವಿಧಾನ ಕೇಳಿ ಪಡೆಯಬೇಕು.

ಇನ್ನು ಎಕೋ ಕಾಗದ. ಮೈಟ್ರಲ್ ಕವಾಟ ಜೋಲುವುದು 100 ಜನರಲ್ಲಿ 2-3 ಜನರಿಗೆ ಇರುವಂಥದ್ದು. ಹಾಗೆನ್ನಲು ಕವಾಟದ ಪಟಲ 2 ಮಿ.ಮೀ.ಗಿಂತ ಹೆಚ್ಚು ಮೇಲಿನ ಕೋಣೆಯೊಳಕ್ಕೆ ಬಾಗಿರಬೇಕು. ಅರೆತಲೆನೋವಿನವರಲ್ಲಿ ಇದು ಹೆಚ್ಚು ಎಂದು ಹಳೆಯ ಅಧ್ಯಯನಗಳು ಹೇಳಿವೆ, ಆದರೆ ಕವಾಟವೇ ತಲೆನೋವು ತರುತ್ತದೆ ಎಂದು ಯಾವುದೂ ಸಾಬೀತು ಮಾಡಿಲ್ಲ. ಕಾಗದದಲ್ಲಿ ನೀವು ನೋಡಬೇಕಾದದ್ದು ಕವಾಟದಿಂದ ರಕ್ತ ಹಿಂದಕ್ಕೆ ಸೋರುವ ಪ್ರಮಾಣ. ಟ್ರೇಸ್ ಅಥವಾ ಮೈಲ್ಡ್ ಎಂದಿದ್ದರೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಎಕೋ ಸಾಕು. ಮಾಡರೇಟ್, ಸಿವಿಯರ್ ಎಂದಿದ್ದರೆ ತಲೆನೋವು ಇರಲಿ ಬಿಡಲಿ, ಹೃದಯತಜ್ಞರ ಹತ್ತಿರ ಹೋಗಬೇಕು. ಎದೆಬಡಿತ ಮತ್ತು ಅರೆತಲೆನೋವು ಎರಡೂ ಕಾಡುತ್ತಿದ್ದರೆ ಪ್ರೊಪ್ರಾನೊಲಾಲ್ ಎರಡಕ್ಕೂ ಆಗುತ್ತದೆ. ವೈದ್ಯರು ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸುತ್ತಾರೆ. ದಮ್ಮು ಇದ್ದವರಿಗೆ ಅದು ಬೇಡ, ತೆಗೆದುಕೊಳ್ಳುವವರು ಒಮ್ಮೆಲೇ ನಿಲ್ಲಿಸಬಾರದು.

ಪಿ.ಎಫ್.ಓ. ಎಂಬ ಮೂರಕ್ಷರ ಕಂಡರೆ ಅದು ಕವಾಟದ ಕಾಯಿಲೆ ಅಲ್ಲ. ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಹೃದಯದ ಮೇಲ್ಕೋಣೆಗಳ ನಡುವಿನ ಪೊರೆ, ಚಿಲಕ ಹಾಕದ ಬಾಗಿಲಿನಂತೆ ಉಳಿದಿರುತ್ತದೆ. ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಇದೆ. ಔರಾ ಇರುವ ಅರೆತಲೆನೋವಿನವರಲ್ಲಿ ಇನ್ನೂ ಹೆಚ್ಚು. ಇದನ್ನು ಮುಚ್ಚಿದರೆ ತಲೆನೋವು ಹೋದೀತೇ ಎಂದು 2008ರ ಮಿಸ್ಟ್, 2016ರ ಪ್ರೈಮಾ, 2017ರ ಪ್ರೀಮಿಯಂ ಪರೀಕ್ಷೆಗಳಲ್ಲಿ ನೋಡಿದರು. ಮೂರರಲ್ಲೂ ಮುಖ್ಯ ಗುರಿ ಈಡೇರಲಿಲ್ಲ. ಆದ್ದರಿಂದ ಬರೀ ತಲೆನೋವಿಗಾಗಿ ಪಿ.ಎಫ್.ಓ. ಮುಚ್ಚಿಸಲು ಹೊಲ-ಬಂಗಾರ ಒತ್ತೆ ಇಡಬೇಡಿ. ಬೇರೆ ಕಾರಣ ಸಿಗದ ಲಕ್ವಾ ಆಗಿದ್ದರೆ ಆ ಲೆಕ್ಕ ಬೇರೆ.

ಬಿಳಿ ಚುಕ್ಕೆಗಳು ಎಂ.ಆರ್.ಐ.ನ ಟಿ-2 ಮತ್ತು ಫ್ಲೇರ್ ಚಿತ್ರಗಳಲ್ಲಿ ಕಾಣುತ್ತವೆ. ಅರೆತಲೆನೋವಿನವರಲ್ಲಿ ಇವು ಹೆಚ್ಚೆನ್ನುವುದು ನಿಜ. ನೆದರ್‌ಲ್ಯಾಂಡ್ಸಿನ ಕ್ಯಾಮೆರಾ ಅಧ್ಯಯನ 2004ರಲ್ಲಿ ಇದನ್ನು ಹೇಳಿತು. ಅದೇ ಜನರನ್ನು ಮತ್ತೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಸಮಾಧಾನದ್ದು: ಹೆಂಗಸರಲ್ಲಿ ಚುಕ್ಕೆಗಳು ಹೆಚ್ಚಿದ್ದವು, ಆದರೆ ಅದರಿಂದ ನೆನಪು, ಬುದ್ಧಿಶಕ್ತಿ ಕುಗ್ಗಿದ್ದು ಕಾಣಲಿಲ್ಲ. ರಿಪೋರ್ಟಿನಲ್ಲಿ "ಡಿಫ್ಯೂಷನ್ ರಿಸ್ಟ್ರಿಕ್ಷನ್" ಎಂದಿದೆಯೇ ನೋಡಿ. ಇದ್ದರೆ ಅದು ಹೊಸ ಲಕ್ವಾದ ಗುರುತಾಗಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಇಲ್ಲದಿದ್ದರೆ ಬಿ.ಪಿ., ಸಕ್ಕರೆ, ಕೊಬ್ಬು ಪರೀಕ್ಷೆ ಮಾಡಿಸಿ. ಇಂಥ ಚುಕ್ಕೆಗಳಿಗೆ ಬಿ.ಪಿ.ಯೇ ದೊಡ್ಡ ಕಾರಣ. ಲಕ್ಷಣ ಬದಲಾಗದಿದ್ದರೆ ವರ್ಷಕ್ಕೊಮ್ಮೆ ಎಂ.ಆರ್.ಐ. ತೆಗೆಸುವುದರಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಕವಾಟದ ಕಾಯಿಲೆ ಮೊದಲೇ ಇದ್ದರೆ

ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುಬಾವು ಬಂದು ಮುಂದೆ ಮೈಟ್ರಲ್ ಕವಾಟ ಕಿರಿದಾದವರು, ಲೋಹದ ಕವಾಟ ಹಾಕಿಸಿಕೊಂಡವರು, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುವವರು ಈ ಭಾಗವನ್ನು ಎರಡು ಸಲ ಓದಿ.

ಕವಾಟ ಕಿರಿದಾದರೆ ಮೇಲಿನ ಕೋಣೆ ಹಿಗ್ಗುತ್ತದೆ, ಬಡಿತ ತಾಳ ತಪ್ಪುತ್ತದೆ, ನಿಂತ ರಕ್ತ ಗಡ್ಡೆ ಕಟ್ಟುತ್ತದೆ, ಆ ಗಡ್ಡೆ ಮಿದುಳಿಗೆ ಹೋಗುತ್ತದೆ. ಅದಕ್ಕೇ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಕೊಡುತ್ತಾರೆ. ರಕ್ತ ಎಷ್ಟು ತೆಳುವಾಗಿದೆ ಎನ್ನುವುದನ್ನು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಹೇಳುತ್ತದೆ. ತಾಳ ತಪ್ಪಿದ, ಕಿರಿದಾದ ಕವಾಟಕ್ಕೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ 2.5ರಿಂದ 3.5. ಪರೀಕ್ಷೆ ಬೇಡವೆಂದು ಹೊಸ ರಕ್ತ ತೆಳುಮಾಡುವ ಮಾತ್ರೆಗೆ ಬದಲಿಸಿಕೊಳ್ಳಬೇಡಿ. ಲೋಹದ ಕವಾಟಕ್ಕೂ ಸಾಕಷ್ಟು ಕಿರಿದಾದ ಮೈಟ್ರಲ್ ಕವಾಟಕ್ಕೂ ಅವು ನಡೆಯುವುದಿಲ್ಲ. ಮೆಂತ್ಯ, ಪಾಲಕ್, ಹಕ್ಕರಿಕಿ ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಒಂದು ವಾರ ಬುಟ್ಟಿಗಟ್ಟಲೆ, ಮುಂದಿನ ವಾರ ಏನೂ ಇಲ್ಲ ಎಂದಾದರೆ ಐ.ಎನ್.ಆರ್. ಏರಿಳಿಯುತ್ತದೆ.

ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಿಂದೆಂದೂ ಬಾರದ ತಲೆನೋವು ಬಂದರೆ, ಅಥವಾ ತಲೆಗೆ ಸಣ್ಣ ಪೆಟ್ಟು ಬಿದ್ದ ಮೇಲೆ ನೋವು ಏರುತ್ತಿದ್ದರೆ, ಅದೇ ಹೊತ್ತಿಗೆ ಸಿ.ಟಿ. ಸ್ಕ್ಯಾನ್ ಮತ್ತು ಐ.ಎನ್.ಆರ್. ಆಗಬೇಕು. ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲಿ ಎಂದು ಮಲಗಬೇಡಿ.

ತಲೆನೋವಿನ ಜೊತೆ ಜ್ವರ ಇದ್ದರೆ ಕವಾಟಕ್ಕೆ ಸೋಂಕು ತಗಲಿರುವ ಅನುಮಾನ ಬರಬೇಕು. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ ರೀತಿಯದು: ಊರಲ್ಲಿ ಎರಡು ದಿನ ಆಂಟಿಬಯಾಟಿಕ್ ಸೂಜಿ ಹಾಕಿಸಿ, ಕಡಿಮೆಯಾಗದಿದ್ದಾಗ ದೊಡ್ಡ ದವಾಖಾನಿಗೆ ಬರುವುದು. ಆಗ ರಕ್ತದ ಕಲ್ಚರಿನಲ್ಲಿ ರೋಗಾಣು ಬೆಳೆಯದೆ ಹೋಗಬಹುದು, ಯಾವ ಔಷಧಿ ನಾಟುತ್ತದೆಂದು ತಿಳಿಯುವುದಿಲ್ಲ. "ನನಗೆ ವಾಲ್ವ್ ಕಾಯಿಲೆ ಐತಿ, ಮೊದಲು ಕಲ್ಚರಿಗೆ ರಕ್ತ ತಗೋರಿ" ಎಂದು ನೀವೇ ಹೇಳಿ. ಬೇರೆ ಬೇರೆ ಸೂಜಿಯಿಂದ ಮೂರು ಸಲ ತೆಗೆಯುತ್ತಾರೆ. ಲೆಕ್ಕಕ್ಕಿಲ್ಲ ಎನಿಸುವಂಥ ಸಣ್ಣ ಜ್ವರವೂ ವಾರಗಟ್ಟಲೆ ಇದ್ದರೆ ಇದೇ ನಿಯಮ.

ಮಾತ್ರೆಯ ಪಟ್ಟಿಯ ಹಿಂಬದಿ ಓದಿ

ಔಷಧಿ ಅಂಗಡಿಯಲ್ಲಿ "ಅರ್ಧ ತಲಿನೋವಿಂದು ಕೊಡ್ರಿ" ಎಂದರೆ ಸಿಗುವ ಕೆಲವು ಮಾತ್ರೆಗಳಲ್ಲಿ ಎರ್ಗೋಟಮಿನ್ ಇರುತ್ತದೆ, ಜೊತೆಗೆ ಕೆಫೀನ್, ಪ್ಯಾರಾಸಿಟಮಾಲ್. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ಆ ಹೆಸರು ಹುಡುಕಿ. ಎರ್ಗಾಟ್ ಗುಂಪಿನ ಔಷಧಿಯನ್ನು ವರ್ಷಗಟ್ಟಲೆ ನುಂಗಿದರೆ ಕವಾಟದ ಪಟಲವೇ ದಪ್ಪಗಾಗಿ ಸೋರಬಹುದು. ಇದೇ ಗುಂಪಿನ ಮೆಥಿಸರ್ಜೈಡ್ ಮಾತ್ರೆಗೂ ಇಂಥದೇ ಕೆಟ್ಟ ಹೆಸರು ಬಂದಿತ್ತು. ತಲೆನೋವಿಗೂ ಕವಾಟಕ್ಕೂ ಖಚಿತವಾದ ಸಂಬಂಧ ಇರುವುದು ಇಲ್ಲಿ, ಅದನ್ನು ತಪ್ಪಿಸುವುದೂ ನಮ್ಮ ಕೈಯಲ್ಲೇ ಇದೆ. ಪೆನಿಸಿಲಿನ್ ಒಗ್ಗದೆ ಎರಿಥ್ರೊಮೈಸಿನ್ ತೆಗೆದುಕೊಳ್ಳುವವರು ಎರ್ಗೋಟಮಿನ್ ಮುಟ್ಟಲೇಬಾರದು. ಎರಡೂ ಸೇರಿದರೆ ಕೈಕಾಲಿನ ರಕ್ತನಾಳ ಬಿಗಿದು ಬೆರಳು ಕಪ್ಪಾಗುವಷ್ಟು ಅಪಾಯ.

ವಾರ್ಫರಿನ್ ಇದ್ದವರಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ಪ್ಯಾರಾಸಿಟಮಾಲ್ ಸಾಕು, ಆದರೆ ದಿನಕ್ಕೆ 2 ಗ್ರಾಂ ಮೀರಿ ಕೆಲವು ದಿನ ತೆಗೆದುಕೊಂಡರೆ ಅದೂ ಐ.ಎನ್.ಆರ್. ಏರಿಸುತ್ತದೆ. ಅರೆತಲೆನೋವಿಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆ ಲಕ್ವಾ ಆದವರಿಗೆ, ಹೃದಯಾಘಾತ ಆದವರಿಗೆ, ಹತೋಟಿಗೆ ಬಾರದ ಬಿ.ಪಿ. ಇರುವವರಿಗೆ ಸಲ್ಲದು.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ನೋವು ಶುರುವಾದ ಹೊತ್ತು, ಔರಾ, ನುಂಗಿದ ಮಾತ್ರೆ, ಉಪವಾಸ, ನಿದ್ದೆ, ಮುಟ್ಟು ಬರೆದಿಡಿ. ಎರ್ಗೋಟಮಿನ್, ಟ್ರಿಪ್ಟಾನ್ ಅಥವಾ ಹಲವು ಔಷಧಿ ಬೆರೆಸಿದ ಮಾತ್ರೆ ತಿಂಗಳಿಗೆ 10 ದಿನ, ಬರೀ ಪ್ಯಾರಾಸಿಟಮಾಲ್‌ನಂಥವು 15 ದಿನ ತಲುಪಿ ಮೂರು ತಿಂಗಳು ದಾಟಿದ್ದರೆ, ಮಾತ್ರೆಯೇ ತಲೆನೋವು ತರುತ್ತಿರಬಹುದು. ಆ ನೋಟ್‌ಬುಕ್ಕು, ಎಕೋ ಕಾಗದ, ಎಂ.ಆರ್.ಐ. ಸಿ.ಡಿ., ಐ.ಎನ್.ಆರ್. ಪುಸ್ತಕ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಕವಾಟದ ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ.

ಬಾಯಿ ಓರೆಯಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ

"ಔರಾ ಇರಬಹುದು, ನೋಡೋಣ" ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ರೋಗಿ ಕೊನೆಯ ಸಲ ಸರಿಯಿದ್ದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಗಡ್ಡೆ ಕರಗಿಸುವ ಇಂಜೆಕ್ಷನ್ ಆ ಹೊತ್ತಿನಿಂದ 4.5 ಗಂಟೆಯೊಳಗೆ ಆಗಬೇಕು. ಬಾಯಿಗೆ ನೀರು, ಮಾತ್ರೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾರ್ಫರಿನ್ ಇದ್ದರೆ ಬಾಗಿಲಲ್ಲೇ ಹೇಳಿ: ಐ.ಎನ್.ಆರ್. 1.7 ಮೀರಿದ್ದರೆ ಆ ಇಂಜೆಕ್ಷನ್ ಕೊಡುವುದಿಲ್ಲ. ಆಗ ದೊಡ್ಡ ನಾಳದಲ್ಲಿ ಗಡ್ಡೆ ಸಿಕ್ಕಿಕೊಂಡಿದ್ದರೆ ಅದನ್ನು ತಂತಿಯಿಂದ ಎಳೆದು ತೆಗೆಯುವ ಸೌಲಭ್ಯ ಇರುವ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ, ಅದಕ್ಕೂ ಗಂಟೆಗಳ ಲೆಕ್ಕವಿದೆ.